ಬೂಟಿನ ಮಾತಿಲ್ಲದ ಸಾಹಸಗಾಥೆ

ನಾನು ಹಿಂದಿ ಮೇಡಂ. ತಾಯಲೂರಿನ ಸುತ್ತಮುತ್ತಲ ಹಳ್ಳಿಗಳಿಂದ ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮನಸ್ಸಿನಲ್ಲಿ ಎರಡೂ ಕಲಸಿದ ಮೂರನೆಯದೊಂದು ಭಾಷೆ. ಹಿಂದಿ ಎಂದರೆ ಅವರ ಪಾಲಿಗೆ ಪಾಸಾಗಬೇಕಾದ ಒಂದು ವಿಷಯ, ಅಷ್ಟೇ. ಆದರೂ ಹತ್ತನೇ ತರಗತಿಯ ತೃತೀಯ ಭಾಷೆಯ ಪುಸ್ತಕದಲ್ಲಿ ಒಂದು ಪಾಠ ಬಂದಾಗ ಹೆಣ್ಣುಮಕ್ಕಳು ತಲೆಯೆತ್ತಿ ಕೂರುವುದನ್ನು ನಾನು ವರ್ಷವರ್ಷವೂ ನೋಡಿದ್ದೇನೆ. ಅದು ‘ಮಹಿಲಾ ಕೀ ಸಾಹಸಗಾಥಾ’ ಎಂಬ ಪಾಠ. ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅವರ ಕಥೆ. ಆ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಬೋರ್ಡಿನ ಮೇಲೆ ಎಡಗಡೆ ಹುಟ್ಟಿದ ಇಸವಿ, ಬಲಗಡೆ ಶಿಖರ ಏರಿದ ತಾರೀಖು, ನಡುವೆ ಸಾಹಸ, ದೃಢನಿರ್ಧಾರ, ಪರಿಶ್ರಮ ಎಂಬ ಮೂರು ಪದ. ಪಾಠ ಮುಗಿಯಿತು, ಪ್ರಶ್ನೋತ್ತರ ಬರೆದುಕೊಳ್ಳಿ.

ಹಾಗೆ ಮುಗಿಸುತ್ತಿದ್ದ ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮಾತು ಕಡಿಮೆಯ ಹುಡುಗಿ. ಬೆಳಿಗ್ಗೆ ಟೊಮೆಟೊ ತೋಟದಲ್ಲಿ ಕೈಯಾಳಿನ ಕೆಲಸ ಮುಗಿಸಿ, ನಾಲ್ಕು ಕಿಲೋಮೀಟರು ನಡೆದು ಶಾಲೆಗೆ ಬರುತ್ತಿದ್ದವಳು. “ಮಿಸ್, ಆಯಮ್ಮನಿಗೆ ಬೂಟು ಯಾರು ಕೊಡಿಸಿದ್ದು?” ಎಂದು ಕೇಳಿದಳು.

ಇಡೀ ತರಗತಿ ನಕ್ಕಿತು. ನಾನೂ ನಕ್ಕೆನೆಂದು ಕಾಣುತ್ತದೆ. “ಅದೆಲ್ಲ ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ” ಎಂದೆ. ಅವಳು ಕೂತಳು.

ಆ ಪ್ರಶ್ನೆ ಮಾತ್ರ ಕೂರಲಿಲ್ಲ. ಸಂಜೆ ಮುಳಬಾಗಿಲಿನ ಬಸ್ಸಿನಲ್ಲಿ ಅದು ನನ್ನ ಜೊತೆಗೇ ಬಂತು. ಮನೆಗೆ ಬಂದು ಪುಸ್ತಕ ತೆರೆದು ಇಷ್ಟು ವರ್ಷ ಪಾಠ ಮಾಡಿದ್ದನ್ನು ಮೊದಲ ಸಲ ಓದಿದೆ. ಮೇಷ್ಟ್ರುಗಳು ಹೀಗೆಯೇ, ಪಾಠ ಮಾಡುತ್ತೇವೆ, ಓದುವುದಿಲ್ಲ.

ಪಾಠದಲ್ಲಿ ಏನೇನಿದೆ ಎಂದು ನೋಡಿ. ಬಚೇಂದ್ರಿ 1954ರಲ್ಲಿ ಉತ್ತರಾಖಂಡದ ಬೆಟ್ಟಸೀಮೆಯ ಬಡ ಮನೆಯಲ್ಲಿ ಹುಟ್ಟಿದರು. ದಿನವೂ ಐದು ಕಿಲೋಮೀಟರು ನಡೆದು ಶಾಲೆಗೆ ಹೋದರು. ಹೊಲಿಗೆ ಕಲಿತು, ಬಟ್ಟೆ ಹೊಲಿದು ಓದಿನ ಖರ್ಚು ತೂಗಿಸಿಕೊಂಡರು. ಸಂಸ್ಕೃತದಲ್ಲಿ ಎಂ.ಎ., ಆಮೇಲೆ ಬಿ.ಎಡ್. ಬೇರೆ ಬೇರೆ ಶಿಖರ ಏರಿದರು. 1984ರ ಮೇ 23ರಂದು ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ಎವರೆಸ್ಟಿನ ತುದಿಯಲ್ಲಿ ನಿಂತರು. ಮಂಡಿಯೂರಿ ಹಿಮಕ್ಕೆ ಮುತ್ತಿಟ್ಟರು. ದುರ್ಗೆಯ ಚಿತ್ರವನ್ನೂ ಹನುಮಾನ್ ಚಾಲೀಸವನ್ನೂ ಕೆಂಪು ಬಟ್ಟೆಯಲ್ಲಿ ಸುತ್ತಿ, ಪೂಜೆ ಮಾಡಿ, ಹಿಮದಲ್ಲಿ ಹುಗಿದರು. ಆಮೇಲೆ ಪ್ರಶಸ್ತಿಗಳು.

ಎಲ್ಲವೂ ನಿಜ. ಎಲ್ಲವೂ ಮನ ಮುಟ್ಟುವಂಥದ್ದು. ಆದರೆ ಐದು ಕಿಲೋಮೀಟರು ನಡೆಯುತ್ತಿದ್ದ ಹುಡುಗಿ, ಹೊಲಿಗೆ ಯಂತ್ರ ತುಳಿಯುತ್ತಿದ್ದ ಹುಡುಗಿ, ಮುಂದಿನ ಪುಟದಲ್ಲಿ ಹಿಮದ ಮೇಲಿದ್ದಾಳೆ. ನಡುವಿನ ದಾರಿ ಎಲ್ಲಿ? ಹಗ್ಗವಿದೆ, ಆಮ್ಲಜನಕವಿದೆ, ಅವು ಎಲ್ಲಿಂದ ಬಂದವು, ಯಾರ ದುಡ್ಡು, ಯಾರು ಹೊತ್ತು ತಂದರು ಎಂಬುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಕೇಳಿದ್ದು ಅದನ್ನೇ. ಅವಳ ಕಾಲಲ್ಲಿದ್ದದ್ದು ಸರ್ಕಾರ ಕೊಟ್ಟ ಕಪ್ಪು ಶೂ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2015-16ರಿಂದ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸು ಕೊಡುವ ಯೋಜನೆ ಬಂತು. ಅದಕ್ಕೆ ಮೊದಲು ಹವಾಯಿ ಚಪ್ಪಲಿ, ಇಲ್ಲವೇ ಬರಿಗಾಲು. ಶೂ ಎಂಬುದು ಯಾರೋ ಕೊಟ್ಟರೆ ಬರುವಂಥದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವಳು ಕೇಳಿದ್ದು ಹಾಸ್ಯದ ಪ್ರಶ್ನೆಯಲ್ಲ. ಸಾಹಿತ್ಯ ವಿಮರ್ಶೆ ಬರೆಯುವವರು ಕೇಳಬೇಕಾದ ಪ್ರಶ್ನೆ.

ಆ ಮೇಲೆ ನಾನು ಬಚೇಂದ್ರಿಯವರು ತಾವೇ ಬರೆದ ‘ಎವರೆಸ್ಟ್: ಮೈ ಜರ್ನಿ ಟು ದ ಟಾಪ್’ ಎಂಬ ಪುಸ್ತಕವನ್ನು ಹುಡುಕಿ ಓದಿದೆ. ನ್ಯಾಷನಲ್ ಬುಕ್ ಟ್ರಸ್ಟ್ 1988ರಲ್ಲಿ ತಂದ ಪುಸ್ತಕ. ಇಂಗ್ಲಿಷಿನಲ್ಲಿ ನನ್ನದು ನಿಧಾನ ಓದು, ಪಕ್ಕದಲ್ಲಿ ನಿಘಂಟು. ಆದರೂ ಬಿಡಲಾಗಲಿಲ್ಲ. ಏಕೆಂದರೆ ಆ ಪುಸ್ತಕದಲ್ಲಿ ಸಾಮಾನುಗಳಿವೆ! ಅಡುಗೆಮನೆಯಲ್ಲಿ ಬದುಕು ಕಳೆದ ನಮಗೆ ಅದು ಎಷ್ಟು ಹತ್ತಿರ ಎನ್ನುವುದನ್ನು ಓದಿದವರೇ ಬಲ್ಲರು. ನೈಲಾನ್ ಗುಡಾರದಲ್ಲಿ ಮಲಗಿದ್ದಾಗ ನಡುರಾತ್ರಿ ಮೇಲಿನಿಂದ ಹಿಮದ ಬಂಡೆ ಕಳಚಿ ಬಿದ್ದು, ಗುಡಾರ ನೆಲಸಮವಾಗಿ, ಬಚೇಂದ್ರಿ ಹಿಮದಡಿ ಹೂತುಹೋಗುತ್ತಾರೆ. ಜೊತೆಗಾರ ಲೋಪ್ಸಾಂಗ್ ಒಂದು ಸ್ವಿಸ್ ಚಾಕುವಿನಿಂದ ಗುಡಾರ ಸೀಳಿ ದಾರಿ ಮಾಡಿ ಅವರನ್ನು ಎಳೆದು ತೆಗೆಯುತ್ತಾರೆ. ಆ ಒಂದು ಚಾಕು ಇಲ್ಲದಿದ್ದರೆ ಪಾಠವೂ ಇಲ್ಲ, ಪ್ರಶಸ್ತಿಯೂ ಇಲ್ಲ. ಇನ್ನೊಂದು ಕಡೆ, ಎಲ್ಲರಿಗಿಂತ ಎತ್ತರದ ಬಿಡಾರಕ್ಕೆ ಮೊದಲು ತಲುಪಿದ ಬಚೇಂದ್ರಿ, ಒಂದು ಥರ್ಮಾಸಿನಲ್ಲಿ ಹಣ್ಣಿನ ರಸ, ಇನ್ನೊಂದರಲ್ಲಿ ಬಿಸಿ ಚಹಾ ತುಂಬಿಕೊಂಡು, ಹಿಂದೆ ಬರುತ್ತಿರುವವರಿಗೆ ಕೊಡಲು ಮತ್ತೆ ಕೆಳಗಿಳಿಯುತ್ತಾರೆ. ಶಿಖರಕ್ಕೆ ಹೊರಟ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹಿಮ ಕರಗಿಸಿ, ಚಹಾ ಮಾಡುತ್ತಾರೆ.

ಈ ಚಹಾದ ಭಾಗವನ್ನು ಓದುವಾಗ ನನಗೆ ಖುಷಿಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಏಳೂವರೆ ಸಾವಿರ ಮೀಟರಿಗಿಂತ ಎತ್ತರದಲ್ಲೂ ಚಹಾ ಮಾಡುವವಳು ಹೆಂಗಸೇ ಆಗಬೇಕೇ ಎಂದು. ಆದರೆ ಬಚೇಂದ್ರಿ ಅದನ್ನು ಹೆಂಗಸಿನ ಕೆಲಸವೆಂದು ಬರೆಯುವುದಿಲ್ಲ. ತಂಡದ ಕೆಲಸವೆಂದು ಬರೆಯುತ್ತಾರೆ. ಬೇರೆಯವರಿಗಾಗಿ ಕೆಳಗಿಳಿದು ಮತ್ತೆ ಹತ್ತುವ ಶಕ್ತಿ ತನಗಿದೆ ಎಂಬ ಅಚ್ಚುಕಟ್ಟಾದ ಹೆಮ್ಮೆಯೂ ಆ ಪುಟಗಳಲ್ಲಿದೆ. ಪಠ್ಯಪುಸ್ತಕ ಮಾಡುವವರು ಕತ್ತರಿ ಹಾಕುವಾಗ ಪೂಜೆ ಉಳಿಯಿತು. ಚಾಕುವಿನ, ಥರ್ಮಾಸಿನ, ಉಗ್ರಾಣದ ಲೆಕ್ಕ ಹೋಯಿತು. ಪುಟಗಳ ಮಿತಿ ಇರುತ್ತದೆ, ಒಪ್ಪಿದೆ. ಆದರೆ ಕತ್ತರಿ ಯಾವುದನ್ನು ಬಿಟ್ಟು ಯಾವುದನ್ನು ಉಳಿಸುತ್ತದೆ ಎಂಬುದರಲ್ಲಿ ಒಂದು ನಂಬಿಕೆ ಇರುತ್ತದೆ. ಸಾಹಸ ಎಂದರೆ ಮನಸ್ಸಿನದು, ವಸ್ತುವಿನದಲ್ಲ ಎಂಬ ನಂಬಿಕೆ.

ಬೂಟಿನ ಪ್ರಶ್ನೆಗೆ ಉತ್ತರ ಏನೆಂದು ಈಗ ನನಗೆ ಗೊತ್ತು. ಬಚೇಂದ್ರಿ ಪರ್ವತಾರೋಹಣ ಕಲಿತದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ. 1965ರಲ್ಲಿ ಶುರುವಾದ ಸಂಸ್ಥೆ, ಅವರ ಊರಿಗೆ ಹತ್ತಿರ. ಇಂಥ ಸಂಸ್ಥೆಗಳಲ್ಲಿ ಕಲಿಯಲು ಬಂದವರಿಗೆ ಬೂಟು, ಹಿಮಗೊಡಲಿ, ಮಲಗುವ ಚೀಲ ಎಲ್ಲವನ್ನೂ ಉಗ್ರಾಣದಿಂದ ಕೊಡುತ್ತಾರೆ. ಮುಗಿದ ಮೇಲೆ ಹಿಂದಿರುಗಿಸಬೇಕು. 1984ರ ಎವರೆಸ್ಟ್ ತಂಡವನ್ನು ಕಳಿಸಿದ್ದು ಇಂಡಿಯನ್ ಮೌಂಟೇನಿಯರಿಂಗ್ ಫೌಂಡೇಶನ್. ನಾಯಕರು ಕರ್ನಲ್ ಡಿ.ಕೆ. ಖುಲ್ಲರ್. ಅಂದರೆ ಬಡ ಮನೆಯ ಆ ಹುಡುಗಿಯ ಸಾಹಸದ ಹಿಂದೆ ಒಂದು ಉಗ್ರಾಣವಿತ್ತು, ಅದಕ್ಕೊಂದು ಬಾಗಿಲಿತ್ತು, ಆ ಬಾಗಿಲನ್ನು ಯಾರೋ ತೆರೆದಿದ್ದರು. ಇದನ್ನು ಹೇಳಿದರೆ ಅವರ ಸಾಹಸ ಕಡಿಮೆಯಾಗುವುದಿಲ್ಲ. ಹೇಳದಿದ್ದರೆ ಮಾತ್ರ ನಮ್ಮ ಹುಡುಗಿಯರು, ಬಚೇಂದ್ರಿಗೆ ಧೈರ್ಯವಿತ್ತು ಏರಿದರು, ನಮಗೆ ಧೈರ್ಯವಿಲ್ಲ ಇಲ್ಲಿದ್ದೇವೆ ಎಂದು ತಿಳಿಯುತ್ತಾರೆ.

ಎವರೆಸ್ಟ್ ಏರಿದ ಜಗತ್ತಿನ ಮೊದಲ ಮಹಿಳೆ ಜಪಾನಿನ ಜುಂಕೊ ತಬೆಯಿ ಅವರ ಕಥೆ ಈ ವಿಷಯದಲ್ಲಿ ಇನ್ನೂ ಸ್ಪಷ್ಟ. ಐದಡಿ ದಾಟದ ಆಕೆ, ಮೂರು ವರ್ಷದ ಮಗುವಿನ ತಾಯಿ, 1975ರ ಮೇ 16ರಂದು ಶಿಖರ ಮುಟ್ಟಿದರು. ಅವರು 1969ರಲ್ಲಿ ಹೆಂಗಸರದೇ ಒಂದು ಪರ್ವತಾರೋಹಣ ಸಂಘ ಕಟ್ಟಿದ್ದರು. ಯಾತ್ರೆಗೆ ಹಣ ಕೇಳಲು ಹೋದಾಗ, ಮನೆಯಲ್ಲಿ ಕೂತು ಮಕ್ಕಳನ್ನು ಬೆಳೆಸಿ ಎಂಬ ಉತ್ತರ ಬಂತಂತೆ. ಕೊನೆಗೆ ಒಂದು ಪತ್ರಿಕೆಯೂ ಒಂದು ಟೀವಿ ಕಂಪನಿಯೂ ಹಣ ಕೊಟ್ಟವು; ಸಾಲಲಿಲ್ಲ. ಜುಂಕೊ ಪಿಯಾನೊ ಪಾಠ ಹೇಳಿ ದುಡ್ಡು ಕೂಡಿಸಿದರು. ಕಾರಿನ ಸೀಟಿನ ಹೊದಿಕೆ ಕತ್ತರಿಸಿ ನೀರು ತಾಗದ ಕೈಗವಸು ಹೊಲಿದರು. ಬಾತುಕೋಳಿ ಜಾತಿಯ ಹಕ್ಕಿಯ ಪುಕ್ಕ ತರಿಸಿ ಮಲಗುವ ಚೀಲಗಳನ್ನು ಮನೆಯಲ್ಲೇ ಹೊಲಿದುಕೊಂಡರು. ಶಿಖರಕ್ಕೆ ಹನ್ನೆರಡು ದಿನ ಮೊದಲು ಹಿಮಪಾತದಲ್ಲಿ ಹೂತುಹೋಗಿ ಪ್ರಜ್ಞೆ ತಪ್ಪಿದವರು, ಎದ್ದು ಏರಿದರು. ಅವರ ಕಥೆ ಹೇಳುವವರು ಆ ಕೈಗವಸನ್ನು ಬಿಡುವುದಿಲ್ಲ. ಆದ್ದರಿಂದಲೇ ಆ ಕಥೆ ಓದಿದ ಹೆಂಗಸಿಗೆ, ಅಯ್ಯೋ ಎಂಥ ದೊಡ್ಡವರು ಎಂದಷ್ಟೇ ಅನ್ನಿಸುವುದಿಲ್ಲ. ನಮ್ಮ ಮನೆಯ ಹಳೇ ರೆಕ್ಸಿನ್ ಎಲ್ಲಿಟ್ಟಿದ್ದೆ ಎಂದೂ ಅನ್ನಿಸುತ್ತದೆ.

ಕನ್ನಡದಲ್ಲಿ ಸಾಹಸ ಸಾಹಿತ್ಯವೆಂದರೆ ನಮ್ಮ ಮಕ್ಕಳು ಮೊದಲು ಕೈಗೆತ್ತಿಕೊಳ್ಳುವುದು ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು. ಸೈಬೀರಿಯಾದ ಸೆರೆ ಶಿಬಿರದಿಂದ ತಪ್ಪಿಸಿಕೊಂಡವರು ಮರಳುಗಾಡು, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದ ಕಥೆ. ಮೂಲ ಲೇಖಕ ಹೇಳಿಕೊಂಡದ್ದೆಲ್ಲ ನಡೆದದ್ದೇ ಎಂಬ ಬಗ್ಗೆ ಆಮೇಲೆ ದೊಡ್ಡ ಅನುಮಾನಗಳು ಎದ್ದಿವೆ, ಇರಲಿ. ಕಥೆಯಾಗಿಯೇ ನೋಡೋಣ. ಅದರಲ್ಲಿ ಇಬ್ಬರು ಹೆಂಗಸರು ನೆನಪಿನಲ್ಲಿ ಉಳಿಯುತ್ತಾರೆ. ಒಬ್ಬಳು ಶಿಬಿರದ ಅಧಿಕಾರಿಯ ಹೆಂಡತಿ. ಕೈದಿಗಳು ಓಡಿಹೋಗಲು ಬೇಕಾದ ಚೀಲ, ತೊಗಲು ಎಲ್ಲ ಹೊಂದಿಸಿಕೊಡುವವಳು, ತಾನು ಹೊರಡುವುದಿಲ್ಲ. ಇನ್ನೊಬ್ಬಳು ದಾರಿಯಲ್ಲಿ ಸೇರಿಕೊಳ್ಳುವ ಎಳೆಯ ಹುಡುಗಿ. ಗಂಡಸರೆಲ್ಲ ಅವಳನ್ನು ಮಗಳಂತೆ, ತಂಗಿಯಂತೆ ನೋಡಿಕೊಳ್ಳುತ್ತಾರೆ. ಗೋಬಿ ಮರುಭೂಮಿಯಲ್ಲಿ ಅವಳು ಕಾಲು ಊದಿ ಸಾಯುತ್ತಾಳೆ. ಆ ಭಾಗ ಓದಿ ನಾನೂ ಅತ್ತಿದ್ದೇನೆ. ಆದರೆ ಅತ್ತು ಮುಗಿದ ಮೇಲೆ ಕಂಡದ್ದು ಇದು: ಸಾಮಾನು ಹೊಂದಿಸಿಕೊಟ್ಟವಳು ಹೊರಡಲಿಲ್ಲ, ಹೊರಟವಳು ತಲುಪಲಿಲ್ಲ. ಕಥೆಗಾರರು ಬೇಕೆಂದು ಹಾಗೆ ಮಾಡಿದ್ದಾರೆ ಎನ್ನುವುದಿಲ್ಲ. ಹೆಣ್ಣು ದೂರದ ದಾರಿಗೆ ಹೊರಟರೆ ನಮ್ಮ ಕಲ್ಪನೆ ತಾನಾಗಿಯೇ ಈ ಎರಡು ಅಚ್ಚುಗಳಿಗೆ ಇಳಿಯುತ್ತದೆ.

ನಮ್ಮಲ್ಲೇ ನೋಡಿ. ಮುಳಬಾಗಿಲಿಗೆ ಹತ್ತಿರದ ಆವನಿ ಬೆಟ್ಟ ನಿಮಗೆ ಗೊತ್ತಿರಬಹುದು. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು. ಮೇಲೆ ಸೀತಮ್ಮನ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ನಮ್ಮ ಸೀಮೆಯ ನಂಬಿಕೆ. ಕಾಡಿನಲ್ಲಿ ಬಿಡಾರ ಹೂಡಿದ ಹೆಣ್ಣು ಎಂದರೆ ನಮಗೆ ಮೊದಲು ನೆನಪಾಗುವವಳು ಸೀತೆ. ಆದರೆ ಅವಳು ಇಷ್ಟಪಟ್ಟು ಬಂದವಳಲ್ಲ, ಬಿಟ್ಟುಹೋದವಳು. ದಮಯಂತಿಯೂ ಹಾಗೆ, ಶಕುಂತಲೆಯ ಪಾಡೂ ಹಾಗೆ. ನಮ್ಮ ಕಥೆಗಳಲ್ಲಿ ಕಾಡು ಹೆಣ್ಣಿಗೆ ಶಿಕ್ಷೆ. ತಾನಾಗಿ ಹೊರಟು, ಬೆಟ್ಟ ಹತ್ತಿ, ಹೊಳೆ ದಾಟಿ ಶ್ರೀಶೈಲದವರೆಗೆ ನಡೆದವಳೆಂದು ನಾವು ನೆನೆಯುವುದು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನು. ಅವಳನ್ನೂ ನಾವು ಭಕ್ತಿಯ ಲೆಕ್ಕಕ್ಕೆ ಬರೆದುಕೊಂಡು ಕಾಲಿನ ಲೆಕ್ಕ ಬಿಟ್ಟಿದ್ದೇವೆ. ಅಷ್ಟು ದೂರ ನಡೆದ ಆ ಕಾಲುಗಳು ಏನು ಮೆಟ್ಟಿದ್ದವು, ರಾತ್ರಿ ಎಲ್ಲಿ ಒರಗಿದವು ಎಂದು ಯಾರೂ ಕೇಳುವುದಿಲ್ಲ.

ಆವನಿಯಲ್ಲಿ ಈಗ ಭಾನುವಾರ ಬೆಂಗಳೂರಿನಿಂದ ಹುಡುಗ ಹುಡುಗಿಯರು ಬರುತ್ತಾರೆ. ಬಂಡೆ ಹತ್ತಲೆಂದೇ ಮಾಡಿದ ಬಿಗಿಯಾದ ಶೂ, ಬಣ್ಣದ ಹಗ್ಗ, ಸೊಂಟಕ್ಕೆ ಪಟ್ಟಿ. ಅದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ನಮ್ಮ ಹಳ್ಳಿಯ ಹೆಂಗಸರು ಬರಿಗಾಲಲ್ಲಿ, ಕೈಯಲ್ಲಿ ಪೂಜೆ ತಟ್ಟೆ, ಸೊಂಟದಲ್ಲಿ ಮಗು ಇಟ್ಟುಕೊಂಡು ಹತ್ತುತ್ತಾರೆ. ಒಂದಕ್ಕೆ ಸಾಹಸ ಎನ್ನುತ್ತೇವೆ, ಇನ್ನೊಂದಕ್ಕೆ ಹರಕೆ.

ಇನ್ನು ನನ್ನ ಸ್ವಂತ ಅನುಭವ. ಐವತ್ತೊಂದನೇ ವಯಸ್ಸಿನಲ್ಲಿ, ಬೇಸಿಗೆ ರಜೆಯಲ್ಲಿ, ನನ್ನ ನಾದಿನಿ ಹಟ ಹಿಡಿದು ನನ್ನನ್ನು ಹಿಮಾಚಲದ ಒಂದು ಚಾರಣಕ್ಕೆ ಎಳೆದುಕೊಂಡು ಹೋದಳು. “ಅತ್ತಿಗೆ, ಮಕ್ಕಳ ಮದುವೆ ಆಯ್ತು, ಇನ್ನೂ ಯಾರಿಗೆ ಕಾಯ್ತೀರಿ?” ಎಂದಳು. ನಮ್ಮ ಯಜಮಾನರು ಟಿಕೆಟು ಮಾಡಿಸಿದರು, ಮಾತಾಡಲಿಲ್ಲ. ಶೂ ಕೊಳ್ಳಲು ಅಂಗಡಿಗೆ ಹೋದರೆ ನನ್ನ ಅಳತೆಯದು ಗಂಡಸರದರಲ್ಲಿ ಇಲ್ಲ, ಹೆಂಗಸರದರಲ್ಲಿ ಬೆಟ್ಟ ಹತ್ತುವಂಥದ್ದು ಇಲ್ಲ. ಕೊನೆಗೆ ಗಂಡಸರ ಚಿಕ್ಕ ಅಳತೆಯದಕ್ಕೆ ಎರಡು ಸಾಕ್ಸು ಹಾಕಿ ಸರಿಮಾಡಿಕೊಂಡೆ. ಹಿಮ್ಮಡಿ ಒಳಗೇ ಜಾರಿ ಎರಡನೇ ದಿನಕ್ಕೆ ಬೊಬ್ಬೆ. ಹೆಂಗಸರ ಹಿಮ್ಮಡಿ ಸಾಮಾನ್ಯವಾಗಿ ಕಿರಿದು, ಮುಂಗಾಲು ಅದಕ್ಕೆ ಹೋಲಿಸಿದರೆ ಅಗಲ. ಗಂಡಸರ ಅಚ್ಚನ್ನು ಕುಗ್ಗಿಸಿದ ಮಾತ್ರಕ್ಕೆ ಅದು ಹೆಂಗಸರ ಶೂ ಆಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಬೆನ್ನುಚೀಲವೂ ಹಾಗೆಯೇ. ಭಾರ ಸೊಂಟದ ಮೇಲೆ ಕೂರಬೇಕು. ಬೆನ್ನು ಗಿಡ್ಡವಿದ್ದವರಿಗೆ ಉದ್ದದ ಚೀಲ ಕೊಟ್ಟರೆ ಪಟ್ಟಿ ಸೊಂಟಕ್ಕೆ ಬರದೆ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಬಿಂದಿಗೆಯನ್ನು ಸೊಂಟದ ಮೇಲೆ ಇಡಬೇಕೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಚೀಲ ಮಾಡುವವರಿಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಆ ರಾತ್ರಿ ಬಾಡಿಗೆಗೆ ಕೊಟ್ಟ ಮಲಗುವ ಚೀಲದಲ್ಲಿ ನಾನು ಬೆಳಗಿನವರೆಗೂ ನಡುಗಿದೆ. ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಎಂದಿತ್ತು. ಹೊರಗೆ ಅಷ್ಟು ಚಳಿಯೇ ಇರಲಿಲ್ಲ. ನನ್ನದೇ ಸೋಲು, ವಯಸ್ಸಾಯಿತು, ಮನಸ್ಸು ಗಟ್ಟಿ ಇಲ್ಲ ಎಂದುಕೊಂಡೆ. ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಆ ಚೀಟಿಯನ್ನು ಪೂರ್ತಿ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇತ್ತು: ಸೊನ್ನೆ. ಊರಿಗೆ ಬಂದು ವಿಚಾರಿಸಿದ ಮೇಲೆ ಅರ್ಥವಾಯಿತು. ಮಲಗುವ ಚೀಲಗಳಿಗೆ ಯೂರೋಪಿನಲ್ಲಿ ಶುರುವಾಗಿ ಈಗ ಲೋಕದ ಹಲವು ಕಡೆ ಬಳಕೆಯಲ್ಲಿರುವ ಒಂದು ಅಳತೆಯ ಕ್ರಮವಿದೆ. ಅದರಲ್ಲಿ ಎರಡು ಅಂಕಿ. ‘ಕಂಫರ್ಟ್’ ಎಂಬುದು 25 ವರ್ಷದ, 60 ಕಿಲೋ ತೂಕದ, 160 ಸೆಂಟಿಮೀಟರು ಎತ್ತರದ ಹೆಂಗಸೊಬ್ಬಳು ನೆಮ್ಮದಿಯಾಗಿ ನಿದ್ದೆ ಮಾಡಬಹುದಾದ ಚಳಿ. ‘ಲಿಮಿಟ್’ ಎಂಬುದು 25 ವರ್ಷದ, 70 ಕಿಲೋ, 173 ಸೆಂಟಿಮೀಟರಿನ ಗಂಡಸೊಬ್ಬ ಮುದುಡಿಕೊಂಡು ತಡೆದುಕೊಳ್ಳಬಹುದಾದ ಚಳಿ. ಅಳೆದವರು ಹೆಂಗಸನ್ನು ಮರೆತಿಲ್ಲ. ಆದರೆ ಚೀಟಿ ಅಚ್ಚು ಹಾಕಿದವರು ಗಂಡಸಿನ ಅಂಕಿಯನ್ನು ದೊಡ್ಡದಾಗಿ, ಹೆಂಗಸಿನದನ್ನು ಸಣ್ಣದಾಗಿ ಹಾಕಿದ್ದರು. ಚೀಟಿಯೂ ಒಂದು ಬರಹವೇ. ಅದನ್ನೂ ವಿಮರ್ಶೆಯ ಕಣ್ಣಿನಿಂದ ಓದದಿದ್ದರೆ ಚೀಲದ ತಪ್ಪನ್ನು ನಮ್ಮ ಮೈಯ ತಪ್ಪೆಂದು ಹೊತ್ತುಕೊಳ್ಳುತ್ತೇವೆ.

ಈಚೆಗೆ ಹೆಂಗಸರಿಗೆಂದೇ ಬೆಟ್ಟದ ಸಾಮಾನಿನ ಜಾಹೀರಾತುಗಳು ಬರುತ್ತಿವೆ. ಅವುಗಳ ಭಾಷೆಯನ್ನೂ ನೋಡಿ. ಗುಲಾಬಿ ಬಣ್ಣದ ಜಾಕೆಟು, ನಗುವ ಮುಖ, ಬೆವರೇ ಇಲ್ಲದ ಹಣೆ. ಮುಟ್ಟಿನ ದಿನ ಬಂದರೆ ಏನು ಮಾಡುವುದು, ಬಯಲಿಗೆ ಹೋಗುವುದು ಹೇಗೆ, ರಾತ್ರಿ ಗುಡಾರದ ಹೊರಗೆ ಹೆಜ್ಜೆ ಸದ್ದಾದರೆ ಏನು ಎಂಬ ಮಾತು ಅಲ್ಲಿ ಕಾಣುವುದೇ ಅಪರೂಪ. ಪಾಠದಲ್ಲಿ ಮನಸ್ಸಿದೆ, ಸಾಮಾನಿಲ್ಲ; ಜಾಹೀರಾತಿನಲ್ಲಿ ಸಾಮಾನಿದೆ, ಹೆಂಗಸಿಲ್ಲ.

ಹಿಮದ ಮೇಲೆ ಜಾರುವ ಸ್ಕೀ ಆಟದಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದ ಸ್ಪರ್ಧೆಯಲ್ಲಿ, 5 ಕಿಲೋಮೀಟರಿನ ಕ್ರಾಸ್‌ಕಂಟ್ರಿ ಓಟದಲ್ಲಿ, ಕಂಚು ಗೆದ್ದರು. ಹಿಮವೇ ಬೀಳದ ನಾಡಿನ ಹುಡುಗಿ ಹಿಮದಲ್ಲಿ ಗೆದ್ದಳು ಎಂದು ನಾವೆಲ್ಲ ಬೆರಗಾದೆವು. ಬೆರಗು ಸರಿಯೇ. ಆದರೆ ಬೆರಗಿನ ಹಿಂದೆಯೇ ಬೂಟಿನ ಪ್ರಶ್ನೆಯನ್ನೂ ಕೇಳಬೇಕು. ಕ್ರಾಸ್‌ಕಂಟ್ರಿ ಸ್ಕೀ ಎಂದರೆ ಲಿಫ್ಟಿನಲ್ಲಿ ಮೇಲೆ ಹೋಗಿ ಜಾರುವ ಆಟವಲ್ಲ. ತೆಳ್ಳನೆಯ ಹಗುರ ಹಲಗೆಗೆ ಬೂಟಿನ ಮುಂತುದಿ ಮಾತ್ರ ಸಿಕ್ಕಿಸಿ, ಹಿಮ್ಮಡಿ ಬಿಡುವಾಗಿಟ್ಟು, ಕೈಕೋಲು ಊರಿ, ಏರು ಇಳಿಜಾರು ಎರಡನ್ನೂ ತನ್ನ ಉಸಿರಿನಲ್ಲೇ ದಾಟಬೇಕು. ಸಿದ್ಧ ದಾರಿಯನ್ನೂ ಬಿಟ್ಟು ಬೆಟ್ಟದ ಒಳಸೀಮೆಗೆ ಹೋಗುವ ಸ್ಕೀಯಲ್ಲಿ, ಹತ್ತುವಾಗ ಹಿಂದಕ್ಕೆ ಜಾರದಂತೆ ಹಲಗೆಯ ಅಡಿಗೆ ತುಪ್ಪಟದಂಥ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಹಿಮಪಾತದಲ್ಲಿ ಹೂತರೆ ಹುಡುಕಲು ಸಂಕೇತ ಕಳಿಸುವ ಯಂತ್ರ, ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ನಮ್ಮ ದೇಶದಲ್ಲಿ ಗುಲ್ಮಾರ್ಗ್, ಔಲಿಯಂಥ ಕೆಲವೇ ಜಾಗ. ಹಿಮ ವರ್ಷದಲ್ಲಿ ಕೆಲವೇ ತಿಂಗಳು. ಮಡಿಕೇರಿ ಸೀಮೆಯಿಂದ ಚಿಲಿಯವರೆಗಿನ ಆ ದಾರಿಯಲ್ಲಿ ಯಾರು ಎಲ್ಲಿ ಬಾಗಿಲು ತೆರೆದರು, ಎಲ್ಲಿ ಮುಚ್ಚಿದರು ಎಂದು ಬರೆಯುವವರು ಬೇಕು. ಆ ಪುಸ್ತಕ ಬಂದರೆ ಮೊದಲ ಪ್ರತಿ ನನಗಿರಲಿ.

ಇಷ್ಟೆಲ್ಲ ಪಾಠದ ತಪ್ಪು, ಚೀಟಿಯ ತಪ್ಪು ಹೇಳಿದವಳು ನನ್ನ ತಪ್ಪನ್ನು ಹೇಳದೆ ಮುಗಿಸಬಾರದು.

ಬೂಟಿನ ಪ್ರಶ್ನೆ ಕೇಳಿದ ವರ್ಷವೇ ನಮ್ಮ ಶಾಲೆಗೆ ಒಂದು ಶಿಬಿರದ ಪತ್ರ ಬಂತು. ಮೂರು ದಿನ, ಎರಡು ರಾತ್ರಿ, ಬೆಟ್ಟ ಹತ್ತುವುದು, ಗುಡಾರದಲ್ಲಿ ಮಲಗುವುದು. ಎಂಟು ಹುಡುಗಿಯರನ್ನು ಕಳಿಸಬಹುದಿತ್ತು. ಆಯ್ಕೆಯ ಕೆಲಸ ನನ್ನದು. ಆ ಹುಡುಗಿ ಮೊದಲ ದಿನವೇ ಹೆಸರು ಕೊಟ್ಟಿದ್ದಳು. ಪತ್ರದ ಹಿಂಬದಿಯಲ್ಲಿ ತರಬೇಕಾದ ಸಾಮಾನಿನ ಪಟ್ಟಿ ಇತ್ತು: ಕ್ರೀಡಾ ಶೂ, ಟ್ರ್ಯಾಕ್ ಪ್ಯಾಂಟು, ಟಾರ್ಚು, ಹೊದಿಕೆ, ಬೆನ್ನುಚೀಲ. ಪಟ್ಟಿಯನ್ನು ಮಕ್ಕಳಿಗೆ ಓದಿ ಹೇಳಿದೆ. ಮಾರನೆಯ ದಿನ ಅವಳು ಬಂದು, “ನಾನು ಬರಲ್ಲ ಮಿಸ್” ಎಂದಳು. ಯಾಕೆ ಎಂದು ಕೇಳಿದೆ. ತಲೆ ತಗ್ಗಿಸಿದಳು. ಮತ್ತೊಮ್ಮೆ ಕೇಳುವ ತಾಳ್ಮೆ ನನಗಿರಲಿಲ್ಲ. ಬೇರೆ ಹುಡುಗಿಯರು ಸಾಲಿನಲ್ಲಿ ನಿಂತಿದ್ದರು. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಒಂದು ಮಾತು ಬರೆದೆ. ‘ಆಸಕ್ತಿ ಇಲ್ಲ.’

ಆ ಎರಡು ಪದ ಈಗಲೂ ಆ ರಿಜಿಸ್ಟರಿನಲ್ಲಿವೆ, ನನ್ನ ಅಕ್ಷರದಲ್ಲಿ. ಪಠ್ಯಪುಸ್ತಕ ಮಾಡಿದವರ ಕತ್ತರಿಯ ಬಗ್ಗೆ ಮೇಲೆ ಅಷ್ಟು ಬರೆದೆನಲ್ಲ, ನಾನು ಮಾಡಿದ್ದೂ ಅದನ್ನೇ. ಶೂ ಇಲ್ಲ ಎಂಬುದನ್ನು ಮನಸ್ಸಿಲ್ಲ ಎಂದು ಬರೆದೆ. ಅದೂ ಬೂಟು ಯಾರು ಕೊಡಿಸಿದ್ದು ಎಂದು ಬಾಯಿಬಿಟ್ಟು ಕೇಳಿದ್ದ ಹುಡುಗಿಯ ಹೆಸರಿನ ಮುಂದೆ.

ಮೂರು ವರ್ಷದ ಹಿಂದೆ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಬೆಂಗಳೂರಿನ ಕಡೆ ಗಾರ್ಮೆಂಟ್ಸಿನಲ್ಲಿ ಕೆಲಸವಂತೆ. “ಚೆನ್ನಾಗಿದೀಯೇನಮ್ಮ?” ಎಂದೆ. ಚೆನ್ನಾಗಿದ್ದಾಳೆ, ತಮ್ಮನನ್ನು ಓದಿಸುತ್ತಿದ್ದಾಳೆ. ಏನು ಹೊಲೀತೀರಿ ಎಂದು ಕೇಳಿದರೆ, “ಚಳಿ ದೇಶದೋರು ಹಾಕ್ಕೊಳ್ಳೋ ಜಾಕೆಟ್ಟು ಮಿಸ್. ತೋಳಿನ ಭಾಗ ನಂದು” ಎಂದಳು. ಆಮೇಲೆ ತಾನೇ ನಕ್ಕು, “ಒಂದಿನ ಹಾಕ್ಕೊಂಡು ನೋಡಿದ್ದೆ, ಬೆವರು ಬಂದ್ಬಿಡ್ತು” ಎಂದಳು. ಬಸ್ಸು ಬಂತು, ಹತ್ತಿದಳು. ಆ ರಿಜಿಸ್ಟರಿನ ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತು.

2022ರಲ್ಲಿ ಬಚೇಂದ್ರಿ ಪಾಲ್ ತಮ್ಮ ಅರವತ್ತೇಳನೇ ವಯಸ್ಸಿನಲ್ಲಿ, ಐವತ್ತು ದಾಟಿದ ಹೆಂಗಸರ ತಂಡವೊಂದನ್ನು ಕಟ್ಟಿಕೊಂಡು ಅರುಣಾಚಲದ ಪಂಗ್ಸೌ ಕಣಿವೆಯಿಂದ ಕಾರ್ಗಿಲ್‌ವರೆಗೆ ಹಿಮಾಲಯದುದ್ದಕ್ಕೂ ಹೊರಟರು. ಸುಮಾರು ಐದು ತಿಂಗಳು, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು. ನಮ್ಮ ಕರ್ನಾಟಕದ ಹೆಂಗಸರೂ ಅದರಲ್ಲಿದ್ದರು. ಪಾಠದಲ್ಲಿರುವ ಬಚೇಂದ್ರಿ 1984ರಲ್ಲೇ, ಪ್ರಶಸ್ತಿಗಳ ಜೊತೆ ಮುಗಿದುಹೋಗುತ್ತಾರೆ. ನಿಜವಾದ ಬಚೇಂದ್ರಿ ಅಲ್ಲಿಂದ ಮುಂದೆ ಹೆಚ್ಚಾಗಿ ಮಾಡಿದ್ದು ಬೇರೆ ಹೆಂಗಸರಿಗೆ ಬಾಗಿಲು ತೆರೆಯುವ ಕೆಲಸ. ಬಿ.ಎಡ್. ಮಾಡಿದ್ದು ವ್ಯರ್ಥವಾಗಲಿಲ್ಲ ಎನ್ನಬೇಕು.

ಬಿ.ಎಡ್. ನನ್ನದೂ ಇದೆ. ಹಿಮಾಲಯವಿಲ್ಲ, ಒಂದು ಕಬ್ಬಿಣದ ಬೀರು ಇದೆ. ಸ್ಟಾಫ್ ರೂಮಿನ ಮೂಲೆಯಲ್ಲಿ ಹಳೆ ನಕ್ಷೆಗಳನ್ನು ತುರುಕಿದ್ದ ಬೀರುವನ್ನು ಖಾಲಿ ಮಾಡಿಸಿದೆ. ಈಗ ಅದರಲ್ಲಿ ಆರು ಜೊತೆ ಕ್ರೀಡಾ ಶೂ ಇವೆ, ಮೂರರಿಂದ ಏಳರವರೆಗಿನ ಅಳತೆ. ಆರು ಹೊದಿಕೆ, ನಾಲ್ಕು ಟಾರ್ಚು, ಐದು ಚೀಲ, ಒಂದು ಡಬ್ಬದ ತುಂಬ ಪ್ಯಾಡು. ಅರ್ಧ ನನ್ನ ಸಂಬಳದ್ದು, ಅರ್ಧ ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು. ಶಿಬಿರದ ಪತ್ರ ಬಂದಾಗ ಸಾಮಾನಿನ ಪಟ್ಟಿಯನ್ನು ನಾನು ಮಕ್ಕಳಿಗೆ ಓದಿ ಹೇಳುವುದಿಲ್ಲ. ಮೊದಲು ಹೆಸರು ಬರೆದುಕೊಳ್ಳುತ್ತೇನೆ, ಆಮೇಲೆ ಬೀರುವಿನ ಬೀಗ ತೆಗೆಯುತ್ತೇನೆ.

ಪಾಠವನ್ನು ಈಗಲೂ ಮಾಡುತ್ತೇನೆ. ಬೋರ್ಡಿನ ಮೇಲೆ ಸಾಹಸ, ದೃಢನಿರ್ಧಾರ, ಪರಿಶ್ರಮ ಎಂದು ಬರೆದ ಮೇಲೆ ಅದರ ಕೆಳಗೆ ಇನ್ನೊಂದು ಸಾಲು ಬರೆಯುತ್ತೇನೆ: ಬೂಟು, ಹಗ್ಗ, ಗುಡಾರ, ಚಾಕು, ಥರ್ಮಾಸು. ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿಬಿಡುತ್ತೇನೆ. ಆದರೂ ಹುಡುಗಿಯರು ಬರೆದುಕೊಳ್ಳುತ್ತಾರೆ.